ಮೂವತ್ತೊಂದು ಬಿಲ್ಲೆಗಳು: ಮನೆಯ ಕಟಿಂಗ್ ಯಂತ್ರದಲ್ಲಿ ಕನ್ನಡದ ಹೆಸರು ಕೊರೆದ ಅನುಭವ

ಅಕ್ಕನ ಮಗಳ ಮದುವೆಗೆ ಬರುವ ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಅವರವರ ಹೆಸರು ಕೊರೆದ ಒಂದೊಂದು ಪದಕವನ್ನು ತಾಂಬೂಲದ ಜೊತೆ ಕೊಡಬೇಕೆಂದು ಹೊರಟವಳು ನಾನು. ಒಟ್ಟು 31 ಬಿಲ್ಲೆಗಳನ್ನು ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ಕೊರೆದು ಮುಗಿಸಿ ಇಂದಿಗೆ ಹತ್ತು ದಿನವಾಯಿತು. ಆಯುಧಪೂಜೆಯ ಮರುವಾರ ಹಿಡಿದ ಕೆಲಸ ಮಾಘ ಮಾಸದವರೆಗೆ ಎಳೆಯಿತು. ಇಂಗ್ಲಿಷ್ ಅಕ್ಷರಗಳನ್ನು ಕೊರೆಯುವುದರ ಬಗ್ಗೆ ಬೇಕಾದಷ್ಟು ವಿವರಣೆ ಸಿಗುತ್ತದೆ. ಕನ್ನಡದ ಹೆಸರನ್ನು, ಅದರಲ್ಲೂ ಒತ್ತಕ್ಷರವಿರುವ ಹೆಸರನ್ನು, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಓದುವಂತೆ ಕೊರೆಯುವುದು ಹೇಗೆಂದು ಹೇಳುವವರು ನನಗೆ ಸಿಗಲಿಲ್ಲ. ಆ ಕಾರಣಕ್ಕೆ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ನನಗೆ ನೆನಪಾದದ್ದು ಪಾತ್ರೆ ಅಂಗಡಿ. ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಕರೆಂಟಿನ ಕಡ್ಡಿಯಿಂದ ಗಿರ್ರೆಂದು ಹೆಸರು ಹಾಕಿಕೊಡುವುದು ಹಳೆಯ ಪದ್ಧತಿ. ನಮ್ಮ ಮನೆಯ ಕೊಳಗ, ಚೊಂಬುಗಳ ಮೇಲೆಲ್ಲ ಅಜ್ಜಿಯ ಹೆಸರು ಹಾಗೆಯೇ ಇದೆ. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಹೆಸರು ಹಾಕುವ ಹಿರಿಯರ ಮುಂದೆ ಒಂದು ಹಿತ್ತಾಳೆಯ ಬಿಲ್ಲೆ ಇಟ್ಟು ಕೇಳಿದೆ. ಅವರ ಉಪಕರಣ ಅದುರುತ್ತಾ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆಯುವಂಥದ್ದಾದ್ದರಿಂದ ಇಷ್ಟು ಸಣ್ಣ ಜಾಗದಲ್ಲಿ ಅಕ್ಷರ ಕೂಡಿಕೊಂಡುಬಿಡುತ್ತದೆ ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಹೊರಡುವಾಗ ಮತ್ತೊಂದು ಮಾತು ಸೇರಿಸಿದರು: "ಅಕ್ಷರ ಕೊರೆಯೋದು ಆಮೇಲಮ್ಮಾ, ಮೊದಲು ಸಾಮಾನು ಅಲುಗದ ಹಾಗೆ ಹಿಡಿಯೋದು ಕಲೀರಿ. ಅಕ್ಕಸಾಲಿಗರು ಅರಗಿನಲ್ಲಿ ಕೂರಿಸೋದು ಅದಕ್ಕೇ." ಆ ಮಾತಿನ ಬೆಲೆ ನನಗೆ ತಿಳಿದದ್ದು ಎರಡು ತಿಂಗಳ ನಂತರ.

ನನ್ನ ಬಳಿ ಇದ್ದದ್ದು ಕ್ರಿಕಟ್ ಮೇಕರ್ ಎಂಬ ಕ್ರಾಫ್ಟ್ ಕಟಿಂಗ್ ಯಂತ್ರ. ಮೂರು ವರ್ಷಗಳಿಂದ ಅದರಲ್ಲಿ ಆಮಂತ್ರಣ ಪತ್ರಿಕೆಯ ಕಾಗದ, ಮಂಟಪದ ಅಲಂಕಾರದ ಫೋಮ್ ಹಾಳೆ, ನಾಮಕರಣದ ತೊಟ್ಟಿಲಿನ ಅಕ್ಷರಗಳನ್ನು ಕತ್ತರಿಸಿ ಕೊಡುತ್ತಾ ಬಂದಿದ್ದೇನೆ. ಲೋಹ ಕೊರೆಯಲು ಅದಕ್ಕೆ ಬೇರೆಯೇ ಮೊನೆ ಬೇಕು. ಆ ಮೊನೆಯ ಮೇಲೆ 41 ಎಂಬ ಸಂಖ್ಯೆ ಇರುತ್ತದೆ. ಮೊನೆಗಳನ್ನು ಒತ್ತಿ ಬದಲಾಯಿಸಬಹುದಾದ ಒಂದು ಹಿಡಿಕೆಯೊಳಗೆ ಅದು ಕೂರುತ್ತದೆ. ಯಂತ್ರ ಕೊಳ್ಳಬೇಕೆಂದಿರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅದೇ ಸಂಸ್ಥೆಯ ಎಕ್ಸ್‌ಪ್ಲೋರ್ ಸಾಲಿನ ಯಂತ್ರಗಳಲ್ಲಿ ಈ ಮೊನೆ ಕೆಲಸ ಮಾಡುವುದಿಲ್ಲ, ಮೇಕರ್ ಸಾಲಿನದೇ ಆಗಬೇಕು, ಏಕೆಂದರೆ ಮೊನೆಯ ಒತ್ತಡವನ್ನೂ ದಿಕ್ಕನ್ನೂ ನಿಯಂತ್ರಿಸುವ ಹಲ್ಲುಚಕ್ರದ ವ್ಯವಸ್ಥೆ ಇರುವುದು ಅದರಲ್ಲಿ ಮಾತ್ರ. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ ರೀತಿ ಇರುವುದರಿಂದ ಹಳೆಯ ಯಂತ್ರ ಕೊಳ್ಳುವಾಗ ಮೋಸಹೋಗುವ ಸಂಭವವಿದೆ.

ಇದು ಲೇಸರ್ ಅಲ್ಲ, ಮೊನೆ ತಿರುಗುವುದೂ ಇಲ್ಲ. ಗಟ್ಟಿ ಕಾರ್ಬೈಡಿನ ಮೊನೆಯೊಂದು ಲೋಹದ ಮೇಲೆ ಒತ್ತಿಕೊಂಡು ಸಾಗುತ್ತಾ ಗೀರು ಎಳೆಯುತ್ತದೆ, ಅಷ್ಟೆ. ಹೊಗೆಯಿಲ್ಲ, ಸುಡುವ ವಾಸನೆಯಿಲ್ಲ, ಆದರೆ ಗೀರು ತೆಳು. ಅಕ್ಕಸಾಲಿಗರು ಉಳಿಯಿಂದ ತೆಗೆಯುವ ಆಳವನ್ನು ಇದರಿಂದ ನಿರೀಕ್ಷಿಸಬಾರದು. ಉಗುರು ಆಡಿಸಿದರೆ ಗೆರೆ ತಗಲುತ್ತದೆ, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ.

ಮೊನೆ ಇಲ್ಲಿಯ ಅಂಗಡಿಗಳಲ್ಲಿ ಸಿಗದೆ ಹೊರದೇಶದಿಂದ ತರಿಸಿದೆ. ಹನ್ನೆರಡು ದಿನಗಳಲ್ಲಿ ಬರುತ್ತದೆಂದು ತೋರಿಸುತ್ತಿದ್ದ ಪೊಟ್ಟಣ ಕೈ ಸೇರಿದ್ದು ಇಪ್ಪತ್ತಾರನೆಯ ದಿನ. ಕಸ್ಟಮ್ಸ್ ತಪಾಸಣೆಗೆ ಗುರುತಿನ ದಾಖಲೆ ಬೇಕೆಂದು ಕೊರಿಯರ್‌ನವರಿಂದ ಸಂದೇಶ ಬಂತು. ಆಧಾರ್ ಪ್ರತಿ ಕಳಿಸಿದೆ. ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಯಜಮಾನರ ಹೆಸರಿನ ಮೊದಲಕ್ಷರ ಇದೆ, ಆರ್ಡರ್ ಮಾಡುವಾಗ ನಾನು ಅದನ್ನು ಬರೆದಿರಲಿಲ್ಲ. ಅಷ್ಟಕ್ಕೇ ಕಡತ ಮರಳಿ ಬಂತು, ಪ್ಯಾನ್ ಪ್ರತಿ ಕಳಿಸಿದ ಮೇಲೆ ಮತ್ತೆ ನಾಲ್ಕು ದಿನ ಹಿಡಿಯಿತು. ಸಾಗಣೆ, ಸುಂಕ ಎಲ್ಲ ಸೇರಿ 4,350 ರೂಪಾಯಿ ಆಯಿತು. ಹೊರಗಿನಿಂದ ಏನನ್ನೇ ತರಿಸುವವರು ಆಧಾರ್‌ನಲ್ಲಿರುವ ಹೆಸರನ್ನು ಅಕ್ಷರಶಃ ಹಾಗೆಯೇ ಬರೆಯಿರಿ. ಮದುವೆಯ ದಿನ ಗೊತ್ತಾಗಿಬಿಟ್ಟಿದ್ದರಿಂದ ಆ ಎರಡು ವಾರ ಬಾಗಿಲಿನ ಸದ್ದಾದಾಗಲೆಲ್ಲ ನಾನು ಎದ್ದು ಓಡುತ್ತಿದ್ದೆ.

ಕಾಯುವ ದಿನಗಳಲ್ಲಿ ಲೋಹದ ಹುಡುಕಾಟ ನಡೆಸಿದೆ. ಬೆಂಗಳೂರಿಗೆ ಹೋಗಿ ನಗರ್ತಪೇಟೆ ಮತ್ತು ಅದರ ಸುತ್ತಲಿನ ಗಲ್ಲಿಗಳಲ್ಲಿ ಒಂದಿಡೀ ದಿನ ಅಲೆದೆ. ತೂತು ಹೊಡೆದ ಖಾಲಿ ಬಿಲ್ಲೆಗಳು ಅಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತವೆ. ತಿಳಿಯದೆ ನಾನು ಮೊದಲು ಕೊಂಡದ್ದು ಸ್ಟೇನ್‌ಲೆಸ್ ಸ್ಟೀಲಿನ ಹತ್ತು ಬಿಲ್ಲೆಗಳನ್ನು, ಅದು ಕಪ್ಪಾಗುವುದಿಲ್ಲ, ಚರ್ಮಕ್ಕೂ ಒಳ್ಳೆಯದು ಎಂಬ ಯೋಚನೆಯಿಂದ. ಆದರೆ ಈ ಮೊನೆ ಮೆತ್ತನೆಯ ಲೋಹಗಳಿಗಾಗಿ ಮಾಡಿದ್ದು. ಸ್ಟೀಲಿನ ಮೇಲೆ ಅದು ಜಾರಿ ಕೂದಲೆಳೆಯಷ್ಟು ಬಿಳಿ ಗೆರೆ ಬಿಡುತ್ತದೆ, ಬಲವಂತ ಮಾಡಿದರೆ ಮೊನೆಯೇ ಮೊಂಡಾಗುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಬೆಳ್ಳಿ, ಇವು ಸರಿ. ಇವುಗಳಲ್ಲಿ ಕಲಿಯುವವರಿಗೆ ಅಲ್ಯೂಮಿನಿಯಂನಷ್ಟು ಸುಲಭವಾದದ್ದು ಬೇರೊಂದಿಲ್ಲ. ಬಣ್ಣ ಹಿಡಿಸಿದ ಆನೋಡೈಸ್ಡ್ ಅಲ್ಯೂಮಿನಿಯಂ ಆದರೆ ಇನ್ನೂ ಚೆನ್ನ, ಏಕೆಂದರೆ ಗೀರು ಬಿದ್ದಲ್ಲಿ ಮೇಲಿನ ಬಣ್ಣದ ಪದರ ಹೋಗಿ ಒಳಗಿನ ಬೆಳ್ಳಿಬಣ್ಣ ಕಾಣುತ್ತದೆ, ಅಕ್ಷರಕ್ಕೆ ಬೇರೆ ಮಸಿ ತುಂಬುವ ಅಗತ್ಯವೇ ಇರುವುದಿಲ್ಲ.

ಒಂದು ಗ್ರಾಂ ಚಿನ್ನದ ಒಡವೆಗಳ ಮೇಲೆ ಹೆಸರು ಹಾಕಿಕೊಡಿ ಎಂದು ಇಬ್ಬರು ಕೇಳಿದ್ದರು, ನಾನು ಒಪ್ಪಲಿಲ್ಲ. ಅದು ಲೇಪದ ಒಡವೆ. ಗೀರಿದ ಕಡೆಯೆಲ್ಲ ಲೇಪ ಹರಿದು ಒಳಗಿನ ಲೋಹ ಹೊರಬರುತ್ತದೆ, ಬೆವರು ತಾಗಿದ ಮೇಲೆ ಅಲ್ಲಿಂದಲೇ ಅದು ಕೆಡಲು ಶುರುವಾಗುತ್ತದೆ. ಹಾಗೆಯೇ ಬೆಳ್ಳಿ ಬಂಗಾರದ ಒಡವೆಯಾದರೆ ಹಾಲ್‌ಮಾರ್ಕ್ ಮುದ್ರೆ ಎಲ್ಲಿದೆಯೆಂದು ಭೂತಗನ್ನಡಿ ಹಿಡಿದು ನೋಡಿಕೊಂಡು, ಆ ಜಾಗವನ್ನು ಬಿಟ್ಟು ಕೊರೆಯಬೇಕು.

ಕೊನೆಗೆ ನಾನು ನಿರ್ಧರಿಸಿದ್ದು ಹೀಗೆ: ಮಕ್ಕಳಿಗೆ ಕೆಂಪು ಮತ್ತು ನೀಲಿಯ 12 ಅಲ್ಯೂಮಿನಿಯಂ ಬಿಲ್ಲೆ, ದೊಡ್ಡವರಿಗೆ 18 ಹಿತ್ತಾಳೆ ಬಿಲ್ಲೆ, ತಿಪಟೂರಿನ ಸೋದರತ್ತೆಗೆ ಒಂದೇ ಒಂದು ಬೆಳ್ಳಿಯದು. ಎಲ್ಲವೂ 25 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪ. ಯಂತ್ರದೊಳಗೆ ಹೋಗುವ ವಸ್ತು 2.4 ಮಿಲಿಮೀಟರಿಗಿಂತ ದಪ್ಪ ಇರಬಾರದೆಂಬ ಮಿತಿಯೂ ನೆನಪಿರಲಿ.

ಇನ್ನು ಅಕ್ಷರದ ವಿಷಯ. ನನ್ನ ಮೂರು ತಿಂಗಳಲ್ಲಿ ಒಂದೂವರೆ ತಿಂಗಳು ಇದಕ್ಕೇ ಹೋಯಿತು, ಈ ಬರಹ ಬರೆಯಬೇಕೆನಿಸಿದ್ದೂ ಇದಕ್ಕಾಗಿಯೇ. ಮೊದಲನೆಯ ತಪ್ಪು ನನ್ನದೇ. ಹೆಸರುಗಳ ಪಟ್ಟಿಯನ್ನು ಭಾವನವರು ಆಫೀಸಿನಲ್ಲಿ ಹಳೆಯ ಆಸ್ಕಿ ಫಾಂಟಿನಲ್ಲಿ (ರೋಮನ್ ಚಿಹ್ನೆಗಳಿಗೇ ಕನ್ನಡದ ರೂಪ ತೊಡಿಸಿದ ಫಾಂಟ್) ಬೆರಳಚ್ಚು ಮಾಡಿಸಿ ಕಳಿಸಿದ್ದರು. ಅದನ್ನು ಹಾಗೆಯೇ ನಕಲು ಮಾಡಿ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಬಂತು. ಯೂನಿಕೋಡ್‌ನಲ್ಲಿ ನಾನೇ ಮತ್ತೆ ಬೆರಳಚ್ಚಿಸಿದ ಮೇಲೆ ಅಕ್ಷರವೇನೋ ಸರಿಯಾಗಿ ಮೂಡಿತು, ಆದರೆ ಪರೀಕ್ಷೆಗೆಂದು ಅಲ್ಯೂಮಿನಿಯಂ ಹಾಳೆಯ ಮೇಲೆ ಕೊರೆಸಿದಾಗ ಪ್ರತಿ ಅಕ್ಷರವೂ ಟೊಳ್ಳಾಗಿ, ಎರಡೆರಡು ಗೆರೆಗಳ ನಡುವೆ ಖಾಲಿ ಬಿಟ್ಟಂತೆ ಬಂತು.

ಕಾರಣ ಸರಳ. ಕಂಪ್ಯೂಟರಿನ ಸಾಮಾನ್ಯ ಫಾಂಟ್ ಅಕ್ಷರವನ್ನು ಗೆರೆಯಾಗಿ ತಿಳಿಯುವುದಿಲ್ಲ, ಒಂದು ಆಕಾರವಾಗಿ ತಿಳಿಯುತ್ತದೆ. ಮುದ್ರಣಕ್ಕೆ ಆ ಆಕಾರದ ಒಳಗೆ ಬಣ್ಣ ತುಂಬಿದರೆ ಸಾಕು. ಮೊನೆಯಾದರೋ ಆ ಆಕಾರದ ಅಂಚಿನ ಸುತ್ತ ಓಡಿ ಬರುತ್ತದೆ. ಇಂಗ್ಲಿಷಿಗೆ ಒಂಟಿ ಗೆರೆಯ ಫಾಂಟುಗಳು ಹೇರಳವಾಗಿವೆ. ಕನ್ನಡಕ್ಕೆ ಅಂಥದ್ದನ್ನು ವಾರಗಟ್ಟಲೆ ಹುಡುಕಿದೆ, ನನ್ನ ಕೆಲಸಕ್ಕೆ ಒದಗುವಂಥದ್ದು ಸಿಗಲಿಲ್ಲ. ದೊಡ್ಡ ಫಲಕದ ಮೇಲಾದರೆ ಟೊಳ್ಳು ಅಕ್ಷರವೂ ಚಂದವೇ. 25 ಮಿಲಿಮೀಟರಿನ ಬಿಲ್ಲೆಯಲ್ಲಿ "ಲಕ್ಷ್ಮಿ" ಎಂಬ ಹೆಸರಿನ ಮೂರು ಪದರದ ಒತ್ತು ಎರಡೆರಡು ಗೆರೆಯಾಗಿ ಬಂದರೆ ಅದು ಗೀರುಗಳ ಗೊಂಚಲಾಗುತ್ತದೆ, ಓದಲು ಆಗುವುದಿಲ್ಲ. ಆ ಒಂದೇ ಹೆಸರನ್ನು ಬೇರೆ ಬೇರೆ ಫಾಂಟಿನಲ್ಲಿ ಏಳು ಸಲ ಕೊರೆದು ನೋಡಿ, ಏಳನ್ನೂ ಪಕ್ಕಕ್ಕಿಟ್ಟು, ಈ ಕೆಲಸವನ್ನೇ ಬಿಟ್ಟುಬಿಡೋಣವೆಂದು ನಿಶ್ಚಯಿಸಿ ಒಂದು ವಾರ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದೆ.

ದಾರಿ ತೋರಿಸಿದ್ದು ಸೋದರತ್ತೆಯ ಒಂದು ಕಾಗದ. ಅತ್ತೆಗೆ ಈಗ 74 ವರ್ಷ. ಮಾವನ ಕೊಬ್ಬರಿ ಮಂಡಿಯ ಲೆಕ್ಕದ ಪುಸ್ತಕಗಳನ್ನು ಮೂವತ್ತು ವರ್ಷ ಬರೆದವರು ಅವರು. ಮದುವೆಗೆ ಯಾರ್‍ಯಾರನ್ನು ಕರೆಯಬೇಕೆಂದು ಅವರು ಬರೆದು ಕಳಿಸಿದ ಪಟ್ಟಿ ಮೇಜಿನ ಮೇಲಿತ್ತು. ದುಂಡಗೆ, ಒಂದೇ ಎತ್ತರಕ್ಕೆ, ಒತ್ತಕ್ಷರವನ್ನು ಮೇಲಿನ ಅಕ್ಷರಕ್ಕೆ ತಾಗಿಸದೆ ತುಸು ಕೆಳಗಿಳಿಸಿ ಬರೆದ ಆ ಹೆಸರುಗಳನ್ನು ನೋಡುತ್ತಿದ್ದಾಗ, ಪೆನ್ನಿನಿಂದ ಬರೆದ ಅಕ್ಷರವೆಂದರೆ ಒಂಟಿ ಗೆರೆಯ ಅಕ್ಷರವೇ ಅಲ್ಲವೇ ಎಂದು ಹೊಳೆಯಿತು. ಮರುದಿನವೇ ರೈಲು ಹತ್ತಿ ತಿಪಟೂರಿಗೆ ಹೋದೆ.

ಅತ್ತೆಯಿಂದ ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಪ್ರತಿ ಹೆಸರನ್ನೂ ಮೂರು ಸೆಂಟಿಮೀಟರಿನಷ್ಟು ಎತ್ತರಕ್ಕೆ ಕಪ್ಪು ಸ್ಕೆಚ್ ಪೆನ್ನಿನಿಂದ ಬರೆಸಿದೆ. ದೊಡ್ಡದಾಗಿ ಬರೆಸುವುದು ಮುಖ್ಯ: ವಯಸ್ಸಿನಿಂದ ಬಂದ ಕೈನಡುಕ ದೊಡ್ಡ ಅಕ್ಷರದಲ್ಲಿ ಕಂಡರೂ ಅದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದಾಗ ಮಾಯವಾಗುತ್ತದೆ. ಮೊದಲ ಹಾಳೆಯನ್ನು ಅವರು ಪೆನ್ಸಿಲಿನಲ್ಲಿ ಬರೆದಿದ್ದರು, ಅದು ಸ್ಕ್ಯಾನಿಗೆ ಮಸುಕಾಗಿ ಬಂದು ಕೆಲಸಕ್ಕೆ ಬರಲಿಲ್ಲ. ಪೆನ್ನು ಎತ್ತದೆ ಬರೆಯಬೇಕು, ಆದರೆ ಗೆರೆಯ ಮೇಲೆ ಮತ್ತೆ ತಿದ್ದಬಾರದು. ತಿದ್ದಿದ ಕಡೆ ಗೆರೆ ದಪ್ಪವಾಗಿ ಮುಂದಿನ ಹಂತದಲ್ಲಿ ಕವಲೊಡೆಯುತ್ತದೆ. 31 ಹೆಸರು ಬರೆಯಲು ಅತ್ತೆ ಎರಡು ಮಧ್ಯಾಹ್ನ ತೆಗೆದುಕೊಂಡರು. ಒಂದೊಂದು ಹೆಸರು ಬರೆಯುವಾಗಲೂ ಆ ಮಗು ಹುಟ್ಟಿದ ದಿನ ಮಳೆ ಬಂದಿತ್ತು, ಇವಳ ಬಾಣಂತನ ನಾನೇ ಮಾಡಿದ್ದು ಎಂದು ಹೇಳುತ್ತಿದ್ದರು, ನಾನು ಕೇಳುತ್ತಾ ಕೂತಿದ್ದೆ. ಯಂತ್ರದ ಮುಂದೆ ಕಳೆದ ದಿನಗಳಿಗಿಂತ ಆ ಎರಡು ಮಧ್ಯಾಹ್ನಗಳು ನನಗೆ ದೊಡ್ಡವು.

ಹಾಳೆಗಳನ್ನು 600 ಡಿಪಿಐನಲ್ಲಿ, ಎಂದರೆ ಅಂಗುಲಕ್ಕೆ 600 ಚುಕ್ಕಿಗಳ ಸ್ಪಷ್ಟತೆಯಲ್ಲಿ, ಸ್ಕ್ಯಾನ್ ಮಾಡಿಸಿ, ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆ. ಅದರಲ್ಲಿ ಚಿತ್ರವನ್ನು ಗೆರೆಯಾಗಿ ಪರಿವರ್ತಿಸುವ ಟ್ರೇಸ್ ಬಿಟ್‌ಮ್ಯಾಪ್ ಎಂಬ ಸೌಲಭ್ಯವಿದೆ. ಅದರೊಳಗೆ ಸೆಂಟರ್‌ಲೈನ್ ಎಂಬ ಆಯ್ಕೆ ಇದೆ. ಸಾಮಾನ್ಯ ಆಯ್ಕೆಯಲ್ಲಿ ಪೆನ್ನಿನ ಗೆರೆಯ ಎರಡೂ ಅಂಚು ಬರುತ್ತವೆ, ಸೆಂಟರ್‌ಲೈನಿನಲ್ಲಿ ಮಾತ್ರ ಗೆರೆಯ ನಡುಬೆನ್ನು ಒಂದೇ ಎಳೆಯಾಗಿ ಬರುತ್ತದೆ. ಈ ಒಂದು ಆಯ್ಕೆ ಗೊತ್ತಿದ್ದಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು. ಆದರೂ ಅದು ಕೊಟ್ಟದ್ದನ್ನು ಹಾಗೆಯೇ ಕೊರೆಯಲು ಬರುವುದಿಲ್ಲ. ತಲೆಕಟ್ಟು ಅಕ್ಷರಕ್ಕೆ ಸೇರುವಲ್ಲಿ, ದೀರ್ಘದ ಬಾಲ ತಿರುಗುವಲ್ಲಿ, ಎರಡು ಗೆರೆ ಕತ್ತರಿಯಾಗುವಲ್ಲೆಲ್ಲ ಮುಳ್ಳಿನಂಥ ಚಿಕ್ಕ ಚಿಕ್ಕ ಗೆರೆಗಳು ಹುಟ್ಟಿಕೊಂಡಿರುತ್ತವೆ. ಅವನ್ನು ಒಂದೊಂದಾಗಿ ಆರಿಸಿ ಅಳಿಸಬೇಕು. ಒಂದು ಹೆಸರಿಗೆ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆ. ಆಮೇಲೆ ಎಸ್‌ವಿಜಿ ಎಂಬ, ಗೆರೆಗಳನ್ನು ಗೆರೆಯಾಗಿಯೇ ಹಿಡಿದಿಡುವ ಬಗೆಯ ಕಡತವಾಗಿ ಉಳಿಸಿ, ಯಂತ್ರದ ತಂತ್ರಾಂಶಕ್ಕೆ ಏರಿಸಿ, ಅಲ್ಲಿ "ಕತ್ತರಿಸು" ಎಂದಿರುವುದನ್ನು "ಕೆತ್ತು" ಎಂದು ಬದಲಾಯಿಸಿ, ಎಲ್ಲ ಭಾಗಗಳನ್ನೂ ಅಟ್ಯಾಚ್ ಮಾಡಬೇಕು. ಅಟ್ಯಾಚ್ ಮಾಡದಿದ್ದರೆ ತಂತ್ರಾಂಶ ಜಾಗ ಉಳಿಸಲು ಒತ್ತನ್ನೂ ಅಕ್ಷರವನ್ನೂ ಬೇರೆ ಬೇರೆ ಕಡೆ ಜೋಡಿಸಿಬಿಡುತ್ತದೆ.

ಅಳತೆಯ ಬಗ್ಗೆ ನನ್ನ ಅನುಭವ ಇಷ್ಟು: ಮೂಲ ಅಕ್ಷರದ ಎತ್ತರ ಮೂರು ಮಿಲಿಮೀಟರಿಗಿಂತ ಕಡಿಮೆಯಾದರೆ ಒತ್ತು ತುಂಬಿಹೋಗುತ್ತದೆ. "ಉಮಾ", "ಗೀತಾ" ಎಂಬ ಹೆಸರುಗಳು ಧಾರಾಳವಾಗಿ ಕೂರುತ್ತವೆ. ನಮ್ಮ ಕಡೆ ಮನೆಗೊಬ್ಬರಿರುವ "ಸಿದ್ದಗಂಗಮ್ಮ" ಎಂಬ ಹೆಸರು ಒಂದೇ ಸಾಲಿನಲ್ಲಿ ಕೂರುವುದಿಲ್ಲ. "ಸಿದ್ದ" ಮೇಲೆ, "ಗಂಗಮ್ಮ" ಕೆಳಗೆ ಎಂದು ಎರಡು ಸಾಲು ಮಾಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಂತೆ ನಡುವೆ ಜಾಗ ಬಿಡಬೇಕಾಯಿತು.

ಕಾಗುಣಿತದ ಬಗ್ಗೆಯೂ ಹೇಳಿಬಿಡುತ್ತೇನೆ. "ಸುಜಾತ" ಎಂದು ಕೊರೆದು ಮುಗಿಸಿದ ಮೇಲೆ ಆಕೆ ತನ್ನ ಹೆಸರನ್ನು ಚಿಕ್ಕಂದಿನಿಂದ "ಸುಜಾತಾ" ಎಂದು ಬರೆಯುತ್ತಾಳೆಂದು ತಿಳಿಯಿತು. ಕಾಗದವಾದರೆ ಒಂದು ದೀರ್ಘ ಸೇರಿಸಬಹುದು. ಲೋಹದ ಮೇಲೆ ಹೆಸರು ನಡುವಿಗೆ ಕೂತುಬಿಟ್ಟಿರುತ್ತದೆ, ದೀರ್ಘಕ್ಕೆ ಜಾಗವಿರುವುದಿಲ್ಲ. ಆಧಾರ್‌ನಲ್ಲಿ ಇರುವುದನ್ನಾಗಲಿ, ಆಮಂತ್ರಣದ ಪಟ್ಟಿಯಲ್ಲಿ ಇರುವುದನ್ನಾಗಲಿ ನಂಬದೆ, ಆಯಾ ವ್ಯಕ್ತಿಯಿಂದಲೇ ಕನ್ನಡದಲ್ಲಿ ಬರೆಸಿಕೊಳ್ಳಿ.

ಮೊನೆ ಬಂದ ದಿನ ಸಂಜೆ ದೀಪ ಹಚ್ಚಿ, ಮೊದಲ ಹಿತ್ತಾಳೆ ಬಿಲ್ಲೆಯನ್ನು ಅಂಟುಮ್ಯಾಟಿನ ಮೇಲಿಟ್ಟು ಗುಂಡಿ ಒತ್ತಿದೆ. ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಬಿಲ್ಲೆ ಕಾಲು ಸುತ್ತು ತಿರುಗಿತ್ತು. ಪಾತ್ರೆ ಅಂಗಡಿಯ ಹಿರಿಯರು ಹೇಳಿದ್ದು ಇದನ್ನೇ. ಕಾಗದ ಹಿಡಿಯುವ ಹಸಿರು ಮ್ಯಾಟಿನ ಅಂಟು ಲೋಹಕ್ಕೆ ಸಾಲದು. ನೇರಳೆ ಬಣ್ಣದ ಗಟ್ಟಿ ಅಂಟಿನ ಮ್ಯಾಟ್ ಬೇಕು, ಅದರ ಮೇಲೂ ಬಿಲ್ಲೆಯ ಸುತ್ತ ಮಾಸ್ಕಿಂಗ್ ಟೇಪ್ ಹಾಕಬೇಕು. ನಾನು ಕೊನೆಗೆ ಕಂಡುಕೊಂಡ ಉಪಾಯವೆಂದರೆ, ಸುಮಾರು ಒಂದು ಮಿಲಿಮೀಟರ್ ದಪ್ಪದ ರಟ್ಟಿನಲ್ಲಿ ಅದೇ ಯಂತ್ರದಿಂದ 25 ಮಿಲಿಮೀಟರಿನ ದುಂಡು ರಂಧ್ರಗಳನ್ನು ಕತ್ತರಿಸಿ, ಆ ರಟ್ಟನ್ನು ಮ್ಯಾಟಿನಿಂದ ತೆಗೆಯದೆ, ರಂಧ್ರದೊಳಗೆ ಬಿಲ್ಲೆಯನ್ನು ಕೂರಿಸಿ ಅಂಚಿಗೆ ಟೇಪ್ ಹಾಕುವುದು. ರಂಧ್ರ ಎಲ್ಲಿದೆಯೆಂಬುದು ತಂತ್ರಾಂಶಕ್ಕೆ ಗೊತ್ತಿರುವುದರಿಂದ ಹೆಸರು ಸರಿಯಾಗಿ ನಡುವಿಗೇ ಬೀಳುತ್ತದೆ. ಸರ ಪೋಣಿಸುವ ತೂತು ನೇರ ಮೇಲೆ ಬರುವಂತೆ ರಟ್ಟಿನ ಮೇಲೆ ಒಂದು ಗೆರೆಯನ್ನೂ ಎಳೆದುಕೊಳ್ಳಿ. ಇಲ್ಲವಾದರೆ ಕೊರಳಲ್ಲಿ ಹಾಕಿಕೊಂಡಾಗ ಹೆಸರು ಓರೆಯಾಗಿ ನೇತಾಡುತ್ತದೆ. ನನ್ನ ನಾಲ್ಕು ಬಿಲ್ಲೆಗಳು ಹಾಗೆ ಹೋದವು.

ಒತ್ತುಯಂತ್ರದಲ್ಲಿ ಕತ್ತರಿಸಿದ ಹಿತ್ತಾಳೆ ಬಿಲ್ಲೆ ಕಣ್ಣಿಗೆ ಸಮತಟ್ಟಾಗಿ ಕಂಡರೂ ತುಸು ಉಬ್ಬಿರುತ್ತದೆ, ಆಗ ಮೊನೆ ನಡುವೆ ಮಾತ್ರ ತಾಗಿ ಅಂಚಿನ ಅಕ್ಷರಗಳು ಅಳಿಸಿದಂತೆ ಬರುತ್ತವೆ. ಎರಡು ಮರದ ಹಲಗೆಗಳ ನಡುವೆ ಇಟ್ಟು ಮರದ ಸುತ್ತಿಗೆಯಿಂದ ಬಡಿದರೆ ಸರಿಹೋಗುತ್ತದೆ. ಯಂತ್ರದ ರೋಲರ್ ಸರಳಿನ ಮೇಲೆ ನಕ್ಷತ್ರದಾಕಾರದ ನಾಲ್ಕು ಬಿಳಿ ಚಕ್ರಗಳಿರುತ್ತವೆ; ಕೊರೆಯುವ ಮುನ್ನ ಅವನ್ನೆಲ್ಲ ಬಲಬದಿಗೆ ಸರಿಸಲೇಬೇಕು. ನಾನು ಮರೆತ ದಿನ ಚಕ್ರ ಬಿಲ್ಲೆಯ ಮೇಲೆ ಹತ್ತಿ ಒಂದು ಸಾಲು ಚುಕ್ಕಿಗುರುತು ಬಿಟ್ಟಿತು.

ಒಂದು ಸಲ ಓಡಿಸಿದರೆ ಗೆರೆ ಸಾಲುವುದಿಲ್ಲ. ಮುಗಿದ ತಕ್ಷಣ ಮ್ಯಾಟನ್ನು ಹೊರತೆಗೆಯದೆ ಮತ್ತೆ ಗುಂಡಿ ಒತ್ತಿದರೆ ಮೊನೆ ಅದೇ ದಾರಿಯಲ್ಲಿ ಮತ್ತೊಮ್ಮೆ ಹೋಗುತ್ತದೆ. ಅಲ್ಯೂಮಿನಿಯಂಗೆ ಎರಡು, ಬೆಳ್ಳಿಗೆ ಮೂರು, ಹಿತ್ತಾಳೆಗೆ ನಾಲ್ಕು ಸಲ ನನಗೆ ಬೇಕಾಯಿತು. ಈ ನಡುವೆ ಕರೆಂಟ್ ಹೋದರೆ ಕಷ್ಟ. ಒಂದು ಸಂಜೆ ಎರಡನೆಯ ಸುತ್ತಿನಲ್ಲಿದ್ದಾಗ ಹೋಯಿತು. ಬಂದ ಮೇಲೆ ಮ್ಯಾಟನ್ನು ಮತ್ತೆ ಒಳಸೇರಿಸಿದಾಗ ಕೂದಲೆಳೆಯಷ್ಟು ಜಾಗ ತಪ್ಪಿ, ಎಲ್ಲ ಅಕ್ಷರಗಳಿಗೂ ಪಕ್ಕದಲ್ಲಿ ನೆರಳು ಬಿದ್ದಂತಾಯಿತು. ಅಂದಿನಿಂದ ಯಂತ್ರವನ್ನೂ ಲ್ಯಾಪ್‌ಟಾಪನ್ನೂ ಇಂಟರ್‌ನೆಟ್ಟಿನ ರೌಟರನ್ನೂ ಯುಪಿಎಸ್‌ಗೆ ಸೇರಿಸಿ, ಬೆಳಗಿನ ಜಾವ ಐದಕ್ಕೆ ಎದ್ದು ಕೊರೆಯುತ್ತಿದ್ದೆ. ಕೊರೆದ ಮೇಲೆ ಉದುರುವ ಲೋಹದ ಪುಡಿಯನ್ನು ಬಾಯಿಂದ ಊದಬೇಡಿ, ಬರಿಗೈಯಿಂದ ಒರೆಸಲೂ ಬೇಡಿ. ಟೇಪಿನ ಅಂಟುಬದಿಯಿಂದ ಒತ್ತಿ ತೆಗೆದರೆ ಕಣ್ಣಿಗೂ ಹೋಗುವುದಿಲ್ಲ, ಯಂತ್ರದ ಹಲ್ಲುಚಕ್ರಕ್ಕೂ ಸೇರುವುದಿಲ್ಲ.

ಹಿತ್ತಾಳೆಯ ಮೇಲಿನ ಗೀರು ಹಿತ್ತಾಳೆಯ ಬಣ್ಣದ್ದೇ ಆದ್ದರಿಂದ ಮಸಿ ತುಂಬದೆ ಹೆಸರು ಕಾಣುವುದಿಲ್ಲ. ತಾಳೆಗರಿಯ ಮೇಲೆ ಕಂಠವೆಂಬ ಚೂಪು ಲೋಹದ ಕಡ್ಡಿಯಿಂದ ಗೀರಿ, ಮೇಲೆ ಮಸಿ ಸವರಿ ಒರೆಸಿ, ಗೀರಿನೊಳಗೆ ಉಳಿದ ಕಪ್ಪಿನಿಂದ ಓದುತ್ತಿದ್ದರಲ್ಲ, ಇದೂ ಅದೇ ಕ್ರಮ. ಆ ನೆನಪಿನಿಂದಲೇ ಮೊದಲು ಹರಳೆಣ್ಣೆ ದೀಪದ ಕಾಡಿಗೆಯನ್ನು ತುಂಬಿ ನೋಡಿದೆ. ನೋಡಲು ಬಹಳ ಚೆನ್ನಾಗಿತ್ತು, ಆದರೆ ಒಂದೇ ಸೋಪಿನ ನೀರಿಗೆ ಹೊರಟುಹೋಯಿತು. ಕಪ್ಪು ಅಕ್ರಿಲಿಕ್ ಬಣ್ಣ ನಿಂತಿತು. ಬಣ್ಣ ಸವರಿ ಎರಡು ನಿಮಿಷ ಬಿಟ್ಟು, ಬಟ್ಟೆಯನ್ನು ಒಂದು ಗಟ್ಟಿ ರಟ್ಟಿಗೆ ಬಿಗಿಯಾಗಿ ಸುತ್ತಿ ಗೀರಿಗೆ ಅಡ್ಡಲಾಗಿ ಒರೆಸಬೇಕು. ಮೆತ್ತನೆಯ ಬಟ್ಟೆಯನ್ನು ಬೆರಳಿನಿಂದ ಒತ್ತಿದರೆ ಅದು ಗೀರಿನೊಳಗೆ ಇಳಿದು ಬಣ್ಣವನ್ನು ಎಳೆದುಕೊಂಡು ಬರುತ್ತದೆ. ಇದಕ್ಕೂ ಮೊದಲು ಬಿಲ್ಲೆಯನ್ನು ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ಒಣಗಿಸಿರಬೇಕು. ಬಣ್ಣ ಒಣಗಿದ ಮೇಲೆ ಎರಡೂ ಬದಿಗೆ ಪಾರದರ್ಶಕ ಲ್ಯಾಕರ್ ಹೊಡೆಯಬೇಕು. ಹಿತ್ತಾಳೆಯಲ್ಲಿರುವ ತಾಮ್ರ ಬೆವರಿಗೆ ಸಿಕ್ಕಿ ಕೊರಳ ಮೇಲೆ ಹಸಿರು ಗುರುತು ಬಿಡುವುದನ್ನು ಅದು ತಡೆಯುತ್ತದೆ.

ಬೆಳ್ಳಿಯ ಬಿಲ್ಲೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಪರಿಚಯದ ಅಂಗಡಿಯಲ್ಲಿ 925ರ ಬೆಳ್ಳಿಯಲ್ಲಿ, ಎಂದರೆ ನೂರಕ್ಕೆ 92.5 ಭಾಗ ಬೆಳ್ಳಿ ಇರುವಂತೆ, ಸುಮಾರು ಐದು ಗ್ರಾಂ ತೂಕದ್ದನ್ನು ಮಾಡಿಸಿ ರಸೀದಿ ಪಡೆದಿದ್ದೆ. ಅಷ್ಟು ಹೊತ್ತಿಗೆ ಒಂಬತ್ತು ಬಿಲ್ಲೆಗಳು ಹಾಳಾಗಿದ್ದರಿಂದ ಕೈ ಹಗುರವಾಗಿರಲಿಲ್ಲ. ಮೂರು ಸುತ್ತು ಮುಗಿಯುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ತಮ್ಮದೇ ಕೈಬರಹದ ತಮ್ಮದೇ ಹೆಸರು ಬೆಳ್ಳಿಯಲ್ಲಿ ಮೂಡಿದ್ದನ್ನು ಮದುವೆಯ ಹಿಂದಿನ ರಾತ್ರಿ ಅತ್ತೆಯ ಅಂಗೈಯಲ್ಲಿಟ್ಟಾಗ ಅವರು ಕನ್ನಡಕ ಹಾಕಿಕೊಂಡು ನೋಡಿ, "ಒತ್ತು ಸರಿಯಾಗಿ ಬಿದ್ದಿದೆ" ಎಂದರು. ನನಗೆ ಕಣ್ಣು ತುಂಬಿ ಬಂತು.

ಖರ್ಚನ್ನೂ ಬರೆದುಬಿಡುತ್ತೇನೆ. ಮೊನೆಗೆ 4,350, ಗಟ್ಟಿ ಅಂಟಿನ ಮ್ಯಾಟಿಗೆ 1,100, ಹಾಳಾದವೂ ಬಳಸದೆ ಉಳಿದ ಸ್ಟೀಲಿನವೂ ಸೇರಿ ಬಿಲ್ಲೆಗಳಿಗೆ 1,020, ಕೊಂಡಿ ಮತ್ತು ದಾರಗಳಿಗೆ 640, ಬಣ್ಣ ಲ್ಯಾಕರ್‌ಗಳಿಗೆ 480, ಪ್ರಯಾಣಕ್ಕೆ 600ರ ಆಸುಪಾಸು. ಬೆಳ್ಳಿಯ ಬೆಲೆ ಇದರಲ್ಲಿ ಸೇರಿಲ್ಲ. ಯಂತ್ರ ಮೊದಲೇ ಇದ್ದದ್ದರಿಂದ ಸುಮಾರು 8,200 ರೂಪಾಯಿಗಳಲ್ಲಿ ಮುಗಿಯಿತು. ಇದೊಂದೇ ಕೆಲಸಕ್ಕಾಗಿ ಹೊಸ ಯಂತ್ರ ಕೊಳ್ಳುವುದಾದರೆ ಲೆಕ್ಕ ಹೊಂದುವುದಿಲ್ಲ, ಪರಿಚಿತರ ಯಂತ್ರ ಇದ್ದರೆ ಕೇಳಿ ನೋಡಿ.

ಮದುವೆಯಾದ ಮೇಲೆ ಬಂದ ಸುದ್ದಿಗಳೂ ಇವೆ. ಅತ್ತೆ ರೂಢಿಯಂತೆ ಬೆಳ್ಳಿಯನ್ನು ವಿಭೂತಿಯಿಂದ ಉಜ್ಜಿದ್ದಾರೆ, ಗೀರಿನೊಳಗೆ ವಿಭೂತಿ ಕೂತು ಅಕ್ಷರ ಬೆಳ್ಳಗೆ ಕಾಣುತ್ತಿದೆಯಂತೆ. ಅವರಿಗೆ ಅದೇ ಇಷ್ಟವಾಗಿದೆ, ಮಸಿ ಬೇಡವೆಂದಿದ್ದಾರೆ. ಹಿತ್ತಾಳೆಯ ಎರಡು ಪದಕಗಳಲ್ಲಿ ಅಂಚಿನ ಲ್ಯಾಕರ್ ಎದ್ದಿದೆ, ಅವನ್ನು ತರಿಸಿಕೊಂಡು ಉಜ್ಜಿ ಮತ್ತೆ ಹೊಡೆಯಬೇಕು. ಸುಜಾತಾಳ ಹೊಸ ಬಿಲ್ಲೆ ದೀರ್ಘ ಸಮೇತ ಸಿದ್ಧವಾಗಿದೆ, ಭಾನುವಾರ ಗುಬ್ಬಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ.